ಪುಟಕ್ಕೆ ಮರಳಿಸುವ ಪ್ರಶ್ನೆ

ಪಾಠ ಮುಗಿದೊಡನೆ ಪ್ರಶ್ನೆ ಕೇಳುವುದು ನಮ್ಮ ಶಾಲೆಗಳ ಹಳೆಯ ಪದ್ಧತಿ. ಆದರೆ ಆ ಪ್ರಶ್ನೆ ವಿದ್ಯಾರ್ಥಿಯನ್ನು ಎಲ್ಲಿಗೆ ಕಳುಹಿಸುತ್ತದೆ ಎಂಬುದನ್ನು ನಾವು ವಿಚಾರಿಸುವುದು ಕಡಿಮೆ. ಕೆಲವು ಪ್ರಶ್ನೆಗಳು ಅವನನ್ನು ಗೈಡಿನ ಬಳಿಗೆ ಕಳುಹಿಸುತ್ತವೆ; ಕೆಲವು ಕಂಠಪಾಠಕ್ಕೆ ಹಚ್ಚುತ್ತವೆ. ಪಾಠದ ಪುಟವನ್ನೇ ಮತ್ತೊಮ್ಮೆ ತೆರೆಯಿಸುವ ಪ್ರಶ್ನೆಗಳು ವಿರಳ.

ಕಾಸರಗೋಡಿನಲ್ಲಿ ಈ ವಿಚಾರಕ್ಕೆ ವಿಶೇಷ ಮಹತ್ವವಿದೆ. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿತು. ಇಲ್ಲಿನ ಕನ್ನಡ ಶಾಲೆಗೆ ಬರುವ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ, ಹವ್ಯಕ ಕನ್ನಡ, ಬ್ಯಾರಿ ಅಥವಾ ಮಲಯಾಳ ಆಗಿರಬಹುದು. ಕಚೇರಿಯಲ್ಲಿಯೂ ಪೇಟೆಯಲ್ಲಿಯೂ ಅವರ ಕಿವಿಗೆ ಬೀಳುವುದು ಹೆಚ್ಚಾಗಿ ಮಲಯಾಳವೇ. ಆದುದರಿಂದ ಗ್ರಂಥಸ್ಥ ಕನ್ನಡ ಅವರಿಗೆ ದೊರೆಯುವುದು ಮುಖ್ಯವಾಗಿ ಪಠ್ಯಪುಸ್ತಕದಿಂದ. ಆ ಪುಸ್ತಕವನ್ನು ಓದದೆಯೇ ಉತ್ತರ ಬರೆಯಬಹುದಾದರೆ ಅಂಕಗಳು ಉಳಿದಾವು, ಭಾಷೆ ಉಳಿಯಲಾರದು.

ಎಲ್ಲರೂ ಬಲ್ಲ ‘ಗೋವಿನ ಹಾಡ’ನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. “ಹುಲಿಯ ಹೆಸರೇನು?” ಎಂಬ ಪ್ರಶ್ನೆಗೆ ಅರ್ಬುತ ಎಂದು ಉತ್ತರಿಸಲು ಹಾಡನ್ನು ಓದಿರಬೇಕಾಗಿಲ್ಲ, ಪಕ್ಕದವನ ಪಿಸುಮಾತು ಸಾಕು. “ಸತ್ಯದ ಮಹತ್ವವನ್ನು ಕುರಿತು ನಿಮ್ಮ ಅಭಿಪ್ರಾಯ ಬರೆಯಿರಿ” ಎಂಬುದು ಗಂಭೀರವಾಗಿ ತೋರುತ್ತದೆ. ಆದರೆ ಅದಕ್ಕೂ ಹಾಡು ಬೇಕಿಲ್ಲ. ಭಾಷಣ ಸ್ಪರ್ಧೆಯ ನಾಲ್ಕು ಮಾತುಗಳು ಸಾಕು. ಮೊದಲನೆಯದು ತೀರ ಚಿಕ್ಕದು, ಎರಡನೆಯದು ತೀರ ದೊಡ್ಡದು. ಎರಡೂ ಪುಟವನ್ನು ಮುಟ್ಟುವುದಿಲ್ಲ.

ಈಗ ಹೀಗೆ ಕೇಳಿ ನೋಡೋಣ: “ತಾಯಿ ಇನ್ನೂ ಜೀವಂತವಾಗಿ ಎದುರಿಗೆ ನಿಂತಿರುವಾಗಲೇ ಕರುವನ್ನು ತಬ್ಬಲಿ ಎಂದು ಏಕೆ ಕರೆಯುತ್ತಾಳೆ?” ಉತ್ತರ ಹುಡುಕಲು ಮಗು ಹಾಡಿಗೆ ಮರಳಲೇಬೇಕು. ಒಬ್ಬ ವಿದ್ಯಾರ್ಥಿ, ಅವಳು ಹಿಂದಿರುಗಿ ಹೋಗುವುದನ್ನು ಆಗಲೇ ನಿಶ್ಚಯಿಸಿದ್ದಾಳೆ ಎನ್ನಬಹುದು. ಇನ್ನೊಬ್ಬಳು, ಆ ಮಾತಿನಲ್ಲಿ ನಿಶ್ಚಯಕ್ಕಿಂತ ಸಂಕಟವೇ ಹೆಚ್ಚು ಎನ್ನಬಹುದು. ಇಬ್ಬರೂ ತಮ್ಮ ಮಾತಿಗೆ ಆಧಾರವಾದ ಪದವನ್ನು ತೋರಿಸಬೇಕು. ಹಾಗೆಯೇ, “ಪುಣ್ಯಕೋಟಿಯನ್ನು ಕೊಲ್ಲದಿರಲು ಹುಲಿಯೇ ಹೇಳುವ ಕಾರಣವೇನು? ಅದು ಯಾವ ಸಾಲಿನಲ್ಲಿದೆ?” ಎಂದೂ ಕೇಳಬಹುದು. ನಮಗೆ ತೋರುವ ಕಾರಣಕ್ಕೂ ಹಾಡಿನಲ್ಲಿ ಇರುವ ಕಾರಣಕ್ಕೂ ಅಂತರವಿರುವುದು ಆಗ ತಿಳಿದೀತು.

ಈ ವಿದ್ಯೆ ನಮಗೆ ಹೊರಗಿನದಲ್ಲ. ಇಂಗ್ಲೆಂಡಿನ ವಿಮರ್ಶಕ ಐ.ಎ. ರಿಚರ್ಡ್ಸ್ ಕವಿಯ ಹೆಸರನ್ನು ಮರೆಮಾಡಿ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬರೆದುದನ್ನು ಪರಿಶೀಲಿಸಿ 1929ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಪಾರ್ತಿಸುಬ್ಬನ ನಾಡಾದ ಕುಂಬಳೆ ಸೀಮೆಯಲ್ಲಿಯಾದರೋ ತಾಳಮದ್ದಳೆಯ ಕೂಟಗಳು ಪದವೊಂದನ್ನು ಹಿಡಿದು ಪ್ರಶ್ನಿಸುವ ರೀತಿಯನ್ನು ಜನಸಾಮಾನ್ಯರಿಗೆ ಕಲಿಸಿವೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ; ಅರ್ಥಧಾರಿ ಅದನ್ನು ಬಿಡಿಸುತ್ತಾನೆ; ಇದಿರು ಕುಳಿತವನು ಆಡಿದ ಮಾತನ್ನೇ ಹಿಡಿದು ಪ್ರಶ್ನೆ ಹಾಕುತ್ತಾನೆ. ಉತ್ತರ ಎಷ್ಟೇ ವಿಸ್ತಾರವಾಗಲಿ, ಪದ್ಯದ ಆಧಾರವನ್ನೂ ಪ್ರಸಂಗದ ಚೌಕಟ್ಟನ್ನೂ ಬಿಡುವಂತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಗಳನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರಶ್ನೆ ರಚಿಸುವ ಅಧ್ಯಾಪಕರು ನಾಲ್ಕು ಸಂಗತಿಗಳನ್ನು ಗಮನಿಸಬಹುದು. ಮೊದಲನೆಯದಾಗಿ, ಪುಸ್ತಕ ಮುಚ್ಚಿಟ್ಟು ತಾವೇ ಉತ್ತರಿಸಿ ನೋಡಬೇಕು; ಸುಲಭವಾಗಿ ಉತ್ತರ ಹೊಳೆದರೆ ಪ್ರಶ್ನೆಯನ್ನು ತಿದ್ದಬೇಕು. ಎರಡನೆಯದಾಗಿ, ಇಡೀ ಪಾಠವನ್ನು ಕುರಿತು ಕೇಳುವ ಬದಲು ಒಂದು ಪದ, ಒಂದು ಸಾಲು, ಒಂದು ತಿರುವನ್ನು ಹಿಡಿಯಬೇಕು. ಮೂರನೆಯದಾಗಿ, “ಯಾವ ಮಾತಿನಿಂದ ತಿಳಿಯಿತು?” ಎಂಬುದನ್ನು ಪ್ರಶ್ನೆಗೆ ಜೋಡಿಸಿ, ಆಧಾರ ತೋರಿಸಿದುದಕ್ಕೂ ಅಂಕವನ್ನು ಮೀಸಲಿಡಬೇಕು. ನಾಲ್ಕನೆಯದಾಗಿ, ಮನೆಮಾತನ್ನು ತರಗತಿಯೊಳಕ್ಕೆ ಕರೆಯಬೇಕು. “ತಬ್ಬಲಿ ಎಂಬುದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ಆ ಮಾತನ್ನು ಇಲ್ಲಿ ಇಟ್ಟರೆ ಭಾವ ಬದಲಾಗುತ್ತದೆಯೇ?” ಎಂದು ಕೇಳಿದಾಗ ತುಳು ಬಲ್ಲ ಮಗುವೂ ಮಲಯಾಳ ಬಲ್ಲ ಮಗುವೂ ಕನ್ನಡದ ಪದವನ್ನು ಹೊಸತಾಗಿ ತೂಗಿ ನೋಡುವುವು.

ಪಾಠಗಳನ್ನು ಮುಗಿಸುವ ಅವಸರದಲ್ಲಿ ಇದಕ್ಕೆ ಸಮಯವೆಲ್ಲಿದೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಹತ್ತು ಪ್ರಶ್ನೆಗಳಲ್ಲಿ ಎರಡು ಇಂತಹವಾದರೆ ಸಾಕು. ಉಳಿದ ಎಂಟರಲ್ಲಿ ಹೆಸರು, ಅರ್ಥ, ಸಾರಾಂಶಗಳು ಇರಲಿ; ಅವೂ ಬೇಕಾದುವೇ.

ಈ ಕೆಲಸ ಅಧ್ಯಾಪಕರಿಗೆ ಮಾತ್ರ ಸೇರಿದುದಲ್ಲ. ಸಂಜೆ ಮಗು ಪುಸ್ತಕ ಹಿಡಿದು ಕುಳಿತಾಗ, “ಓದಿ ಆಯಿತೇ?” ಎಂದು ಕೇಳುವ ಬದಲು “ಇವತ್ತಿನ ಪಾಠದಲ್ಲಿ ಯಾವ ಮಾತು ವಿಚಿತ್ರವೆನಿಸಿತು? ತೋರಿಸು ನೋಡೋಣ” ಎಂದು ಹೆತ್ತವರೂ ಹಳೆ ವಿದ್ಯಾರ್ಥಿಗಳೂ ಕೇಳಬಹುದು. ಶಾಲೆಯ ಕಟ್ಟಡಕ್ಕೆ ದೇಣಿಗೆ ನೀಡಲು ಎಲ್ಲರಿಂದಲೂ ಆಗದು. ಇಂತಹ ಒಂದು ಪ್ರಶ್ನೆ ಕೇಳಲು ಯಾರಿಂದಲಾದರೂ ಆದೀತು.