ಸಾಲದ ಜೊತೆ ಬಂದ ವಿಮೆ: ಮೇಟಗಳ್ಳಿಯ ಅನುಭವದ ಪಾಠಗಳು

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಅಕ್ಕಪಕ್ಕದವರ ಸಾಲದ ಕಾಗದ ನೋಡಿಕೊಡುವುದು ನನಗೆ ಅಂಟಿಕೊಂಡ ಕೆಲಸ. ಮೈಸೂರಿನ ಮೇಟಗಳ್ಳಿಯಲ್ಲಿ ಕೆಆರ್‌ಎಸ್ ರಸ್ತೆಯ ಟಯರ್ ಕಾರ್ಖಾನೆಯನ್ನೋ ಹೆಬ್ಬಾಳದ ಕೈಗಾರಿಕಾ ಪ್ರದೇಶವನ್ನೋ ನಂಬಿ ಮನೆ ಕಟ್ಟಿದವರು ಬಹಳ. ಗೃಹಸಾಲ ಇರಲಿ, ಬೈಕಿನ ಸಾಲ ಇರಲಿ, ಹೆಂಗಸರ ಸಂಘದ ಸಾಲ ಇರಲಿ, ಒಳಗೊಂದು ವಿಮೆ ಕೂತಿರುವುದನ್ನು ಎಷ್ಟೋ ಕಡತಗಳಲ್ಲಿ ಕಂಡಿದ್ದೇನೆ. ಆ ಹಣ ವಾಪಸ್ ಬರುತ್ತದೆಯೇ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು.

1. ಸ್ಯಾಂಕ್ಷನ್ ಲೆಟರ್ ಆಮೇಲೆ ನೋಡೋಣ, ಮೊದಲು ಸಾಲದ ಸ್ಟೇಟ್‌ಮೆಂಟ್ ತನ್ನಿ. ಅದರ ಮೊದಲ ಪುಟದಲ್ಲೇ ಎಲ್ಲ ಇರುತ್ತದೆ. ಉದಾಹರಣೆಗೆ, ಮನೆ ಮಾರಿದವರ ಕೈಗೆ ಹೋದದ್ದು 12,00,000 ರೂಪಾಯಿಯ ಡಿಡಿ; ಸಾಲದ ಖಾತೆಯಲ್ಲಿ ಖರ್ಚು ಬಿದ್ದದ್ದು 12,48,000. ನಡುವಿನ 48,000 ಅದೇ ದಿನ ವಿಮಾ ಕಂಪನಿಯ ಹೆಸರಿಗೆ ಹೋಗಿರುತ್ತದೆ. ‘ನಾ ಕೇಳಿದ್ದು ಹನ್ನೆರಡೇ ಲಕ್ಷ ಕಣ್ಸಾ, ಇದ್ಯಾವುದು?’ ಎಂದು ಜನ ಆಗ ಬೆರಳಿಟ್ಟು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ: ಶೇ. 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಆ 48,000ಕ್ಕೆ ತಿಂಗಳಿಗೆ ಸುಮಾರು 432 ರೂಪಾಯಿ ಕಂತು. ಕೊನೆಗೆ ಕಟ್ಟಿದ್ದು 1,03,600 ದಾಟುತ್ತದೆ. ವಿಮೆಯ ಮೊತ್ತವೋ, ಸಾಲ ಇಳಿದ ಹಾಗೆ ವರ್ಷವರ್ಷವೂ ಇಳಿಯುತ್ತ ಹೋಗುವ ಪಾಲಿಸಿಗಳೇ ಇದರಲ್ಲಿ ಹೆಚ್ಚು.

2. ಕಮಿಷನ್ ಎಷ್ಟು ಎಂದು ಕೇಳುವ ಹಕ್ಕು ನಿಮಗಿದೆ. ಇದನ್ನು ಕೌಂಟರಿನಲ್ಲಿ ಕೂತವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ವಿಮೆಯನ್ನೋ ಮ್ಯೂಚುವಲ್ ಫಂಡನ್ನೋ ಮಾರಿ ಬ್ಯಾಂಕು ಪಡೆಯುವ ಕಮಿಷನ್ನಿನ ವಿವರ ಗ್ರಾಹಕರಿಗೆ ತಿಳಿಸಬೇಕು, ಒಂದೇ ಕಂಪನಿಯ ಪಾಲಿಸಿ ಮಾರುತ್ತಿದ್ದರೂ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕು 2009ರ ನವೆಂಬರಿನಲ್ಲೇ ಸುತ್ತೋಲೆ ಹೊರಡಿಸಿತ್ತು. ನಾನಿದ್ದ ಕಾಲದಲ್ಲಿ ಸುತ್ತೋಲೆಗಳು ಫೈಲಿಗೆ ಸೇರುತ್ತಿದ್ದವು, ಟಾರ್ಗೆಟ್ ಮಾತ್ರ ಗೋಡೆಯ ಮೇಲಿರುತ್ತಿತ್ತು.

3. ಆದರೆ ಕಮಿಷನ್ ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ಹಣ ಬರುತ್ತದೆಂದು ಕಾಯಬೇಡಿ. ಮಗ ಲಂಡನ್ನಿನಲ್ಲಿದ್ದಾನೆ, ಅಲ್ಲಿ ಕೊಡುತ್ತಾರಂತೆ ಎಂದು ಹೇಳಿಕೊಂಡು ಬರುವವರಿದ್ದಾರೆ. ಅಲ್ಲಿನ ಕಥೆಯೇ ಬೇರೆ. ಪ್ಲೆವಿನ್ ಎಂಬ ಮಹಿಳೆ 34,000 ಪೌಂಡ್ ಸಾಲದ ಜೊತೆ 5,780 ಪೌಂಡ್ ಪ್ರೀಮಿಯಂ ಕಟ್ಟಿದ್ದರು. ಅದರಲ್ಲಿ ಶೇ. 71.8ರಷ್ಟು ಕಮಿಷನ್ನಿಗೇ ಹೋಗಿತ್ತು. ಅದನ್ನು ಮುಚ್ಚಿಟ್ಟದ್ದು ಅನ್ಯಾಯ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಆಮೇಲೆ ಅಲ್ಲಿನ ನಿಯಂತ್ರಕರು ಶೇ. 50ರ ಗೆರೆ ಎಳೆದು, ಅದಕ್ಕಿಂತ ಹೆಚ್ಚಿನ ಕಮಿಷನ್ನು ಬಚ್ಚಿಟ್ಟಿದ್ದರೆ ಹೆಚ್ಚಿನ ಭಾಗವನ್ನು ವಾಪಸ್ ಕೊಡಿಸಿದರು. ಅರ್ಜಿ ಹಾಕುವ ಗಡುವು 2019ರ ಆಗಸ್ಟ್ 29ಕ್ಕೆ ಮುಗಿಯಿತು. ನಮ್ಮಲ್ಲಿ ಅಂಥ ಗೆರೆ ಇಲ್ಲ. ಕಮಿಷನ್ನಿನ ಪ್ರಶ್ನೆ ಇಲ್ಲಿ ಬಾಗಿಲು ತಟ್ಟಲು ಸಾಕು; ಹಣ ಬರುವುದು ಒಪ್ಪಿಗೆ ಇರಲಿಲ್ಲ ಎಂದು ತೋರಿಸಿದಾಗ, ಇಲ್ಲವೇ ಸಾಲ ಬೇಗ ಮುಗಿದು ವಿಮೆಯ ಅವಧಿ ಇನ್ನೂ ಉಳಿದಿದ್ದಾಗ.

4. ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ: ಸಾಲ ಅವಧಿಗೆ ಮುಂಚೆ ತೀರಿಸಿದಿರಾ, ಬೇರೆ ಬ್ಯಾಂಕಿಗೆ ವರ್ಗಾಯಿಸಿದಿರಾ? ಇಪ್ಪತ್ತು ವರ್ಷದ ಪ್ರೀಮಿಯಂ ಒಟ್ಟಿಗೆ ಹಿಡಿದುಕೊಂಡು, ಎಂಟನೇ ವರ್ಷಕ್ಕೆ ಸಾಲ ಮುಗಿದರೆ ಉಳಿದ ಹನ್ನೆರಡು ವರ್ಷದ ವಿಮೆಗೆ ಬೆಲೆಯಿದೆ. ಪಾಲಿಸಿಯ ಷರತ್ತಿನಲ್ಲಿ ಸರೆಂಡರ್ ಮೌಲ್ಯದ ಕೋಷ್ಟಕ ಇರುತ್ತದೆ. ಎನ್‌ಒಸಿ, ಮನೆಪತ್ರ ವಾಪಸ್ ಕೊಡುವಾಗ ಬ್ಯಾಂಕಿನವರು ಈ ಮಾತು ಎತ್ತುವುದು ಅಪರೂಪ, ನೀವೂ ಸಿಹಿ ಹಂಚುವ ಗಡಿಬಿಡಿಯಲ್ಲಿ ಮರೆತಿರುತ್ತೀರಿ. ಮೇಟಗಳ್ಳಿಯಲ್ಲಿ ನಾನು ಕೊಡಿಸಿದ ಹಣದಲ್ಲಿ ದೊಡ್ಡ ಪಾಲು ಬಂದದ್ದು ಇಲ್ಲಿಂದಲೇ, ಜಗಳವಿಲ್ಲದೆ. ಸಾಲದ ಜೊತೆಗಿನ ಈ ವಿಮೆ ಸಾಮಾನ್ಯವಾಗಿ ಗುಂಪು ವಿಮೆಯಾದ್ದರಿಂದ ಮಾಸ್ಟರ್ ಪಾಲಿಸಿ ಬ್ಯಾಂಕಿನ ಹೆಸರಿನಲ್ಲಿರುತ್ತದೆ. ನಿಮ್ಮ ಪಾಲಿಗೆ ಇರುವುದು ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್. ಅದು ಮನೆಯಲ್ಲಿ ಸಿಗದಿದ್ದರೆ ಸಾಲದ ಖಾತೆ ಸಂಖ್ಯೆ ಕೊಟ್ಟು ವಿಮಾ ಕಂಪನಿಯಿಂದ ಪ್ರತಿ ಕೇಳಿ.

5. ವಿಮೆ ತೆಗೆದುಕೊಳ್ಳದಿದ್ದರೆ ಸಾಲ ಇಲ್ಲ ಎಂದು ಬಾಯಲ್ಲಿ ಹೇಳಿದವರು ಕಾಗದದಲ್ಲಿ ಬರೆಯುವುದಿಲ್ಲ. ಕಾಗದದಲ್ಲಿ ‘ಸ್ವಇಚ್ಛೆಯಿಂದ’ ಎಂದೇ ಇರುತ್ತದೆ, ಕೆಳಗೆ ನಿಮ್ಮ ಸಹಿ. ಆದ್ದರಿಂದ ಬಲವಂತ ಮಾಡಿದರು ಎಂದು ಕೂಗಾಡುವುದಕ್ಕಿಂತ ಅರ್ಜಿಯ ಪ್ರತಿ ತರಿಸಿ ಓದುವುದು ಲೇಸು. ಕೈಬರಹ ಯಾರದು? ಆರೋಗ್ಯದ ಪ್ರಶ್ನೆಗಳಿಗೆಲ್ಲ ಒಂದೇ ಪೆನ್ನಿನಲ್ಲಿ ‘ಇಲ್ಲ’ ಎಂದು ಟಿಕ್ ಬಿದ್ದಿದೆಯೇ? ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಮನುಷ್ಯನ ಅರ್ಜಿಯಲ್ಲಿ ‘ಮಧುಮೇಹ: ಇಲ್ಲ’ ಎಂದಿದ್ದರೆ, ಅದನ್ನು ತುಂಬಿದ್ದು ಅವನಲ್ಲ ಎಂದು ವಾದಿಸಲು ಎಡೆಯಿದೆ. ಓಟಿಪಿ ಮೂಲಕ ಒಪ್ಪಿಗೆ ಪಡೆದಿದ್ದರೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಸಂದೇಶಕ್ಕೆ ಎಂದು ಕೇಳಿ. ಸರ್ಕಾರಿ ಬ್ಯಾಂಕಾದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಸಾಕು. ಖಾಸಗಿ ಬ್ಯಾಂಕಿಗೆ, ಫೈನಾನ್ಸ್ ಕಂಪನಿಗೆ ಆರ್‌ಟಿಐ ನಡೆಯುವುದಿಲ್ಲ, ಪತ್ರವೇ ಗತಿ.

6. ಹೊಸ ಸಾಲದವರ ಕೆಲಸ ಸುಲಭ. 2024ರ ಅಕ್ಟೋಬರ್ 1ರಿಂದ ಮಂಜೂರಾದ ಚಿಲ್ಲರೆ ಸಾಲಗಳಿಗೆಲ್ಲ ಮುಖ್ಯ ಅಂಶಗಳ ಹೇಳಿಕೆ, ಅಂದರೆ ಕೆಎಫ್‌ಎಸ್, ಕೊಡಲೇಬೇಕು. ಬ್ಯಾಂಕು ವಸೂಲಿ ಮಾಡಿ ವಿಮಾ ಕಂಪನಿಗೆ ಕಟ್ಟುವ ಪ್ರೀಮಿಯಮ್ಮೂ ಅದರಲ್ಲಿ ಬರಬೇಕು. ಅಲ್ಲಿ ಕಾಣದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಪಾಲಿಸಿ ಕೈಗೆ ಬಂದು 30 ದಿನದೊಳಗಾದರೆ ಫ್ರೀ ಲುಕ್ ಎಂದು ಒಂದು ಸಾಲು ಬರೆದು ರದ್ದು ಮಾಡಿಸಿ. 2024ರ ಏಪ್ರಿಲ್‌ಗೆ ಮುಂಚೆ ಅದು ಸಾಮಾನ್ಯವಾಗಿ 15 ದಿನವಿತ್ತು.

7. ಪತ್ರ ಎರಡು ಬರೆಯಿರಿ, ಒಂದು ಬ್ಯಾಂಕಿಗೆ, ಒಂದು ವಿಮಾ ಕಂಪನಿಗೆ. ಪ್ರೀಮಿಯಂ ಇರುವುದು ಕಂಪನಿಯ ಹತ್ತಿರ, ಅದರ ಮೇಲೆ ನೀವು ಕಟ್ಟಿದ ಬಡ್ಡಿ ಬ್ಯಾಂಕಿನ ಹತ್ತಿರ. ಬಡ್ಡಿ ಕೇಳಲು ಮರೆಯುವವರೇ ಜಾಸ್ತಿ. ಒಪ್ಪಿಗೆ ಪತ್ರದ ಪ್ರತಿ, ಪ್ರೀಮಿಯಂ ಕಳಿಸಿದ ದಿನಾಂಕ, ಬ್ಯಾಂಕಿಗೆ ಬಂದ ಕಮಿಷನ್, ಉಳಿದ ಅವಧಿಯ ಮೌಲ್ಯ, ಇವನ್ನು ಬೇರೆ ಬೇರೆ ಪ್ರಶ್ನೆಯಾಗಿ ಕೇಳಿ. ಕನ್ನಡದಲ್ಲೇ ಬರೆಯಬಹುದು. ಶಾಖೆಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಏಳಬೇಡಿ. ಹಾಕುವುದಿಲ್ಲ ಎಂದರೆ ಸ್ಪೀಡ್ ಪೋಸ್ಟ್ ಮಾಡಿ.

8. ತಿಂಗಳು ಕಾದು ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ ಮುಂದಿನ ಮೆಟ್ಟಿಲು. ಬ್ಯಾಂಕಿನ ನಡತೆಯ ಮೇಲಿನ ದೂರು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ವಿಮಾ ಕಂಪನಿಯ ಮೇಲಿನದು ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ. ಎರಡಕ್ಕೂ ಶುಲ್ಕವಿಲ್ಲ, ವಕೀಲರು ಬೇಡ. ವಿಮಾ ಓಂಬುಡ್ಸ್‌ಮನ್ ಬಳಿಗೆ ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕ ಆಯೋಗಕ್ಕಾದರೆ ಎರಡು ವರ್ಷ, 5 ಲಕ್ಷದವರೆಗೆ ಅರ್ಜಿ ಶುಲ್ಕವಿಲ್ಲ. ಆದರೆ ಪತ್ರದ ಮೇಲೆ ಪತ್ರ ಬರೆಯುತ್ತ ಕೂತರೆ ಆ ಎರಡು ವರ್ಷ ಬೆಳೆಯುವುದಿಲ್ಲ, ಇದು ಹಲವರಿಗೆ ತಡವಾಗಿ ತಿಳಿಯುತ್ತದೆ. ಸೌಹಾರ್ದ ಸಹಕಾರಿಯಲ್ಲಿ ಪಡೆದ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬರುವುದಿಲ್ಲ.

9. ಸಂಘದ ಸಾಲದ ಅಕ್ಕಂದಿರು ಲೋನ್ ಕಾರ್ಡ್ ತನ್ನಿ. ಮೈಕ್ರೋಫೈನಾನ್ಸ್ ಕಂಪನಿಗಳು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕಾರ್ಡ್ ಕೊಡಬೇಕು, ವಿಮೆಯಂಥದ್ದನ್ನು ಪೂರ್ಣ ಒಪ್ಪಿಗೆಯಿಂದಲೇ ಕೊಡಬೇಕು ಎಂಬ ನಿಯಮ 2022ರ ಏಪ್ರಿಲ್‌ನಿಂದ ಇದೆ. ಮೊತ್ತ ಸಣ್ಣದು, ಆದರೆ ಒಂದೇ ಕೇಂದ್ರದ ಎಲ್ಲರೂ ಸಹಿ ಹಾಕಿ ಕೊಟ್ಟ ಅರ್ಜಿಗೆ ಮ್ಯಾನೇಜರು ಬೇಗ ಎದ್ದು ಬರುತ್ತಾರೆ.

10. ಕೆಲಸ ಹೋದರೆ ಕಂತು ಕಟ್ಟುತ್ತೇವೆ ಎಂಬ ವಿಮೆಯ ಷರತ್ತನ್ನು ಎರಡು ಸಲ ಓದಿ. ರಾಜೀನಾಮೆ, ಸ್ವಯಂ ನಿವೃತ್ತಿ ಹೊರಗೆ. ಗುತ್ತಿಗೆ ಕಾರ್ಮಿಕರೂ ಸಾಮಾನ್ಯವಾಗಿ ಹೊರಗೆ. ನಮ್ಮ ಕಡೆ ಶೆಡ್ಡುಗಳಲ್ಲಿ ಕೆಲಸ ಮಾಡುವ ಹುಡುಗರಲ್ಲಿ ಗುತ್ತಿಗೆಯವರೇ ತುಂಬಿರುವಾಗ, ಇಂಥದ್ದನ್ನು ಅವರಿಗೆ ಮಾರಿದ್ದೇ ತಪ್ಪು ಎಂದು ದೂರಿನಲ್ಲಿ ನೇರವಾಗಿ ಬರೆಯಿರಿ.

11. ರದ್ದು ಮಾಡಿಸುವ ಮುಂಚೆ ಮನೆಯಲ್ಲಿ ದುಡಿಯುವವರ ಆರೋಗ್ಯ ನೋಡಿ. ಗಂಡ ಹಠಾತ್ತನೆ ತೀರಿಕೊಂಡಾಗ ಇದೇ ವಿಮೆಯಿಂದ ಸಾಲ ಚುಕ್ತಾ ಆಗಿ ಮನೆ ಉಳಿದ ಹೆಣ್ಣುಮಗಳು ನಮ್ಮ ಬೀದಿಯಲ್ಲೇ ಇದ್ದಾರೆ. ಐವತ್ತು ದಾಟಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಹೊಸ ವಿಮೆ ಸಿಗುವುದು ಕಷ್ಟ. ಅಂಥವರ ಸಾಲ ಇನ್ನೂ ನಡೆಯುತ್ತಿದ್ದರೆ ನಾನು ಕಾಗದ ಮಡಚಿ ಕೈಗೆ ಕೊಟ್ಟು, ಇಟ್ಟುಕೊಳ್ಳಿ ಎನ್ನುತ್ತೇನೆ. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಟ್ಟಂತಿದ್ದರೆ ಮಾತ್ರ ಮೊದಲೇ ಕಂಪನಿಗೆ ಬರೆದು ಸರಿಪಡಿಸಿಕೊಳ್ಳಬೇಕು.

12. ‘ಐಆರ್‌ಡಿಎಐನಿಂದ ಮಾತಾಡ್ತಿದ್ದೀವಿ, ನಿಮ್ಮ ಹಳೇ ಪಾಲಿಸಿ ಕಮಿಷನ್ ವಾಪಸ್ ಬಂದಿದೆ, ಪ್ರೊಸೆಸಿಂಗ್ ಫೀಸ್ ಕಟ್ಟಿ’ ಎಂದು ಫೋನು ಬಂದರೆ ಇಟ್ಟುಬಿಡಿ. ವಿಮಾ ಪ್ರಾಧಿಕಾರ ಯಾರಿಗೂ ಫೋನ್ ಮಾಡಿ ಬೋನಸ್ ಹಂಚುವುದಿಲ್ಲ. ನಿಜವಾದ ದೂರಿಗೆ ಅದರ ಸಂಖ್ಯೆ 155255, ಕರೆ ಮಾಡಬೇಕಾದವರು ನೀವು.