ಪಿಕಪ್ ಗಾಡಿಯನ್ನು ಎತ್ತರ ಮಾಡುವುದು ಹೇಗೆ?

ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಪಿಕಪ್ ಟೊಮೆಟೊ ತುಂಬಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೊರಟಿದ್ದು, ತೋಟದ ದಾರಿಯಲ್ಲೇ ಹೊಟ್ಟೆ ತಾಗಿ ನಿಂತುಬಿಟ್ಟಿತು. ಅವತ್ತಿನ ಹರಾಜು ತಪ್ಪಿತು. "ಗಾಡಿ ಎತ್ತರ ಮಾಡಿಸ್ಲೇಬೇಕು" ಅಂತ ಚಿಕ್ಕಪ್ಪ ಹಟ ಹಿಡಿದರು. ನಾನೂ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಅಣ್ಣ ಹೇಳಿದ್ದನ್ನು ಬರೆಯುತ್ತೇನೆ.

ಹಿಂದಿನ ಆಕ್ಸಲ್ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಅದಕ್ಕೆ ಇನ್ನೊಂದು ಪಟ್ಟಿ ಸೇರಿಸಬಹುದು. ಆಗ ಭಾರಕ್ಕೆ ಕುಸಿಯುವುದು ಕಡಿಮೆ, ಆದರೆ ಖಾಲಿ ಗಾಡಿ ಎತ್ತಿನಗಾಡಿಗಿಂತ ಜಾಸ್ತಿ ಕುಲುಕುತ್ತದೆ. ಆಕ್ಸಲ್‌ಗೂ ಪಟ್ಟಿಗೂ ನಡುವೆ 2 ಇಂಚಿನ ಕಬ್ಬಿಣದ ತುಂಡು ಇಟ್ಟರೆ ಹಿಂಭಾಗ 2 ಇಂಚೇ ಏಳುತ್ತದೆ. ಉದ್ದದ ಯು-ಬೋಲ್ಟ್ ಬೇಕು. ಪಟ್ಟಿಯ ತುದಿಯ ಶ್ಯಾಕಲ್ಲನ್ನು 2 ಇಂಚು ಉದ್ದ ಮಾಡಿದರೆ ಮಾತ್ರ ಸುಮಾರು 1 ಇಂಚು. ಯಾಕೆಂದರೆ ಒಂದೇ ತುದಿ ಏಳುತ್ತದೆ, ಆಕ್ಸಲ್ ಮಧ್ಯದಲ್ಲಿದೆ.

ಎತ್ತರ ಹೆಚ್ಚಿದಷ್ಟೂ ತಿರುವಿನಲ್ಲಿ ಗಾಡಿ ಪಲ್ಟಿಯಾಗುವ ಭಯ. ಕ್ರೇಟು ಪೇರಿಸಿದರಂತೂ ಕೇಳಲೇಬೇಡಿ!

ಮುಖ್ಯ ವಿಷಯ ಈಗ ಬರುತ್ತದೆ. ಮೆಕ್ಯಾನಿಕ್ ಅಣ್ಣ ಗಾಡಿ ಕೆಳಗೆ ಮಲಗಿ ನೋಡಿದರು. ಕಲ್ಲು ಉಜ್ಜಿದ ಗುರುತು ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡಿನ ಮೇಲಿತ್ತು. ಅದು ಚಕ್ರಗಳ ಜೊತೆಗೇ ಇರುವುದರಿಂದ ಪಟ್ಟಿ, ತುಂಡು ಏನು ಹಾಕಿದರೂ ಕೂದಲೆಳೆಯಷ್ಟೂ ಏಳುವುದಿಲ್ಲ. ದೊಡ್ಡ ಟೈರು ಹಾಕಿದರೆ ಮಾತ್ರ ಏಳುತ್ತದೆ. ಅದೂ ವ್ಯಾಸ 2 ಇಂಚು ಹೆಚ್ಚಿದರೆ 1 ಇಂಚು, ಅಂದರೆ ತ್ರಿಜ್ಯದಷ್ಟೇ. ಗಣಿತದ ಮೇಷ್ಟ್ರು ಹೇಳಿದ್ದು ಗ್ಯಾರೇಜಿನಲ್ಲಿ ಸಿಕ್ಕಿತು!

ಚಿಕ್ಕಪ್ಪ ಏನೂ ಹಾಕಿಸಲಿಲ್ಲ. ಭಾನುವಾರ ನಾವೆಲ್ಲ ಗುದ್ದಲಿ ಹಿಡಿದು ದಾರಿಯ ನಡುವಿನ ದಿಣ್ಣೆ ಕೆತ್ತಿ, ಆ ಮಣ್ಣನ್ನೇ ಚಕ್ರದ ಜಾಡಿಗೆ ತುಂಬಿದೆವು.