ಹಳೆಯ ಲ್ಯಾಪ್‌ಟಾಪ್, ಎರಡು ಹವ್ಯಾಸ

ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಸ್ವಲ್ಪ ತಡೆಯಿರಿ. ನೀವು ಬರೆದಿರುವುದನ್ನು ನೋಡಿದರೆ, ಲ್ಯಾಪ್‌ಟಾಪ್ ನಿಧಾನವಾಗಿರುವ ತೊಂದರೆ ಪ್ರೊಸೆಸರ್‌ನದಲ್ಲ, ಹಳೇ ಹಾರ್ಡ್ ಡಿಸ್ಕ್‌ನದು. ಅದರ ಬದಲು ಎಸ್‌ಎಸ್‌ಡಿ ಹಾಕಿಸಿ. ಸ್ಲಾಟ್ ಖಾಲಿಯಿದ್ದರೆ ರ‍್ಯಾಮ್ 16 ಜಿಬಿಗೆ ಏರಿಸಿ. ಪೈಥಾನ್ ಕಲಿಕೆಗೆ ಇದು ಧಾರಾಳವಾಯಿತು. ಕ್ಯಾಮೆರಾದ ರಾ ಫೋಟೊಗಳನ್ನು ತಿದ್ದುವುದಕ್ಕೂ ನಡೆಯುತ್ತದೆ.

ಫೋಟೊ ತಿದ್ದಲು ತಿಂಗಳ ಬಾಡಿಗೆಯ ತಂತ್ರಾಂಶ ಬೇಡ, ಡಾರ್ಕ್‌ಟೇಬಲ್ ಸಾಕು. ಅದು ಉಚಿತ, ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಕಲಿಯಲು ಕೆಲವು ವಾರ ಬೇಕಾದೀತು, ಬೇಸರಿಸಬೇಡಿ. ನಿಮ್ಮಂಥವರಿಗೆ ಇಷ್ಟವಾಗುವ ಗುಣವೊಂದು ಅದರಲ್ಲಿದೆ: ಮೂಲ ಚಿತ್ರವನ್ನು ಅದು ಮುಟ್ಟುವುದೇ ಇಲ್ಲ. ನೀವು ಮಾಡಿದ ತಿದ್ದುಪಡಿಗಳೆಲ್ಲ ಪಕ್ಕದಲ್ಲೇ ಒಂದು ಪುಟ್ಟ ಎಕ್ಸ್‌ಎಂಪಿ ಕಡತದಲ್ಲಿ ಕೂರುತ್ತವೆ. ಅದು ಬರೀ ಪಠ್ಯ. ಹಾಗಾಗಿ ನಿಮ್ಮ ಪ್ರೋಗ್ರಾಮ್‌ಗಳಂತೆ ಅದನ್ನೂ ಗಿಟ್‌ನಲ್ಲಿ ಇಡಬಹುದು. ಹೋದ ತಿಂಗಳ ತಿದ್ದುಪಡಿಯೇ ಚೆನ್ನಾಗಿತ್ತು ಅನ್ನಿಸಿದರೆ ಹಿಂದಕ್ಕೆ ಹೋಗಬಹುದು. ಆ ಕಡತಗಳನ್ನು ಓದಿ ಯಾವ ಚಿತ್ರಕ್ಕೆ ಎಷ್ಟು ಸ್ಟಾರ್ ಕೊಟ್ಟಿದ್ದೀರಿ ಎಂದು ಪಟ್ಟಿ ಮಾಡುವ ಪೈಥಾನ್ ಪ್ರೋಗ್ರಾಮ್ ಬರೆಯಿರಿ. ಮೊದಲ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ತೋಚುತ್ತಿಲ್ಲ.

ರಾ ಕಡತಗಳನ್ನು ಮಾತ್ರ ಗಿಟ್‌ಗೆ ತುಂಬಬೇಡಿ, ಅವು ಬಲು ಭಾರ. ಅವಕ್ಕೆ ಬೇರೆ ಬೇರೆ ಕಡೆ ಇಡುವ ಎರಡು ಹೊರ ಡಿಸ್ಕ್‌ಗಳಿರಲಿ. ಮಗಳ ನಾಮಕರಣದ ಚಿತ್ರಗಳೂ ಆ ಹಳೇ ಹಾರ್ಡ್ ಡಿಸ್ಕ್‌ನಲ್ಲೇ ಇವೆ ಎಂದಿದ್ದೀರಿ. ದಯವಿಟ್ಟು ಈ ಪ್ರತಿ ತೆಗೆಯುವ ಕೆಲಸವನ್ನು ಈ ವಾರವೇ ಮಾಡಿ, ಎಸ್‌ಎಸ್‌ಡಿ ಹಾಕಿಸುವುದಕ್ಕೂ ಮೊದಲು.

ಕೊನೆಯದಾಗಿ, ತಿದ್ದಿದ ಫೋಟೊಗಳ ಪ್ರಿಂಟ್ ಕಪ್ಪಾಗಿ ಬರುತ್ತಿದ್ದರೆ ಪರದೆಯ ಬೆಳಕು ತಗ್ಗಿಸಿ ನೋಡಿ. ಬಹಳ ಸಲ ಕಾರಣ ಅಷ್ಟೇ.